ಮಾತ್ರೆ ತಪ್ಪದೆ ನುಂಗುವವರಿಗೂ ಆರು ತಿಂಗಳಿಗೊಮ್ಮೆ ಲಿವರ್ ಸ್ಕ್ಯಾನ್ ಬೇಕೇ?

ಪ್ರಶ್ನೆ ಕೇಳಿದವರು: ತರೀಕೆರೆಯ ಗೃಹಿಣಿ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಈಗ 54 ವರ್ಷ. ಮೂರು ವರ್ಷದ ಹಿಂದೆ ಹರ್ನಿಯಾ ಶಸ್ತ್ರಚಿಕಿತ್ಸೆಗೆಂದು ರಕ್ತ ಪರೀಕ್ಷೆ ಮಾಡಿಸಿದಾಗ ಹೆಪಟೈಟಿಸ್ ಬಿ ಇರುವುದು ಗೊತ್ತಾಯಿತು. ಮುಂದಿನ ಪರೀಕ್ಷೆಗಳಲ್ಲಿ ಲಿವರ್ ಆಗಲೇ ಗಟ್ಟಿಯಾಗಿದೆ, ಸಿರೋಸಿಸ್ ಶುರುವಾಗಿದೆ ಎಂದರು. ಅಂದಿನಿಂದ ರಾತ್ರಿ ಊಟದ ನಂತರ ಟೆನೊಫೊವಿರ್ ಮಾತ್ರೆ ನುಂಗುತ್ತಿದ್ದಾರೆ. ನಾನೇ ಕೈಗೆ ಕೊಡುವುದರಿಂದ ಒಂದು ದಿನವೂ ತಪ್ಪಿಲ್ಲ.

ಶಿವಮೊಗ್ಗದ ವೈದ್ಯರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮತ್ತು ಲಿವರ್ ಕ್ಯಾನ್ಸರಿನ ಸುಳಿವು ಕೊಡಬಲ್ಲ ಎಎಫ್‌ಪಿ ಎಂಬ ರಕ್ತ ಪರೀಕ್ಷೆ ಮಾಡಿಸಲೇಬೇಕು ಎಂದಿದ್ದರು. ನಾಲ್ಕು ಸಲ ಮಾಡಿಸಿದೆವು. ನಾಲ್ಕು ಸಲವೂ ಗೆಡ್ಡೆ ಏನೂ ಇಲ್ಲ ಎಂದು ಬಂತು. ಐದನೆಯದು ಮಾಡಿಸಬೇಕಾಗಿದ್ದ ತಿಂಗಳು ಕಳೆದು ಒಂಬತ್ತು ವಾರವಾಯಿತು. ಅಡಿಕೆ ಕೊಯ್ಲು ನಡೆಯುತ್ತಿದೆ, ಆಳುಗಳನ್ನು ಬಿಟ್ಟು ಬರಲಾಗುವುದಿಲ್ಲ ಎನ್ನುತ್ತಾರೆ. ನಿಜವಾದ ಕಾರಣ ಬೇರೆ ಎಂದು ನನಗೆ ಗೊತ್ತು. "ಮಾತ್ರೆ ನುಂಗುತ್ತಿದ್ದೇನೆ, ತೋಟದಲ್ಲಿ ದಿನವಿಡೀ ದುಡಿಯುತ್ತಿದ್ದೇನೆ, ಎಲ್ಲೂ ನೋವಿಲ್ಲ. ಇಲ್ಲದ್ದನ್ನು ಹುಡುಕಿಕೊಂಡು ಏಕೆ ಹೋಗಬೇಕು?" ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಕೊಡಲು ನನಗೆ ತಿಳಿಯುತ್ತಿಲ್ಲ.

ಇನ್ನೊಂದು ಆತಂಕವಿದೆ. ಎಎಫ್‌ಪಿ ಮೊದಲ ಮೂರು ಸಲ 5, 6, 6 ಇತ್ತು. ಕಳೆದ ಸಲ 13 ಬಂದಿದೆ. ವರದಿಯ ಕಾಗದದಲ್ಲಿ ಅದರ ಮುಂದೆ ಚಿಕ್ಕ ನಕ್ಷತ್ರದ ಗುರುತು ಹಾಕಿದ್ದಾರೆ. ಆ ದಿನ ವೈದ್ಯರು ರಜೆಯಲ್ಲಿದ್ದರು, ನಾವು ತೋರಿಸದೆಯೇ ಹಿಂದಿರುಗಿದೆವು. ಆ ನಕ್ಷತ್ರ ರಾತ್ರಿಯೆಲ್ಲ ಕಣ್ಣ ಮುಂದೆ ಬರುತ್ತದೆ. ಅನುಭವವಿರುವವರು ದಯವಿಟ್ಟು ಹೇಳಿ.


ಉತ್ತರ 1: ಹಾಸನದ ನಿವೃತ್ತ ಬಸ್ ನಿರ್ವಾಹಕ

ತಂಗೀ, ನಿಮ್ಮ ಯಜಮಾನರು ಕೇಳಿದ ಪ್ರಶ್ನೆಯನ್ನೇ ನಾನು ನನ್ನ ಹೆಂಡತಿಗೆ ಕೇಳಿದ್ದೆ. ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಇದನ್ನು ಅವರಿಗೆ ಓದಿ ಹೇಳಿ.

1986ರಲ್ಲಿ ಶಿರಾಡಿ ಘಾಟಿಯಲ್ಲಿ ನಮ್ಮ ಬಸ್ಸು ಮಗುಚಿತು. ನನಗಾಗ 25 ವರ್ಷ. ತೊಡೆ ಮೂಳೆ ಮುರಿದು, ಎರಡು ಬಾಟಲಿ ರಕ್ತ ಕೊಟ್ಟು ಬದುಕಿಸಿದರು. ಹೆಪಟೈಟಿಸ್ ಸಿ ಎಂಬ ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿದ್ದೇ 1989ರಲ್ಲಿ. ಹಾಗಾಗಿ ಆ ರಕ್ತ ಕೊಟ್ಟವರದ್ದಾಗಲಿ, ಕೊಡಿಸಿದವರದ್ದಾಗಲಿ ತಪ್ಪೇನೂ ಇಲ್ಲ. ಮೂವತ್ತು ವರ್ಷ ಅದು ನನ್ನೊಳಗೆ ಸದ್ದಿಲ್ಲದೆ ಕೂತಿತ್ತು. ನಾನು ಮದ್ಯ ಮುಟ್ಟಿದವನಲ್ಲ. 2016ರಲ್ಲಿ ಪ್ಲೇಟ್‌ಲೆಟ್ 82 ಸಾವಿರಕ್ಕೆ ಇಳಿದಿದೆ ಎಂದು ಕಾರಣ ಹುಡುಕುತ್ತ ಹೋದಾಗ ಸಿರೋಸಿಸ್ ಸಿಕ್ಕಿತು. ಸೊಫೊಸ್ಬುವಿರ್ ಮತ್ತು ಡಕ್ಲಾಟಸ್ವಿರ್ ಮಾತ್ರೆಗಳನ್ನು 24 ವಾರ ನುಂಗಿದೆ. ವೈರಸ್ ಪೂರ್ತಿ ಹೋಯಿತು. ಆ ವರದಿ ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಿಸಿದೆವು.

ಹೋಳಿಗೆ ಡಬ್ಬಿ ಹಿಡಿದು ವೈದ್ಯರ ಬಳಿ ಹೋದಾಗ ಅವರು ಹೇಳಿದ ಮಾತನ್ನು ನಾನು ಪೂರ್ತಿ ಕಿವಿಗೆ ಹಾಕಿಕೊಳ್ಳಲಿಲ್ಲ. "ವೈರಸ್ ಹೋಗಿದೆ, ಸಿರೋಸಿಸ್ ಹೋಗಿಲ್ಲ. ಕ್ಯಾನ್ಸರಿನ ಅಪಾಯ ಬಹಳ ಇಳಿದಿದೆ, ಸೊನ್ನೆಯಾಗಿಲ್ಲ. ಸ್ಕ್ಯಾನ್ ನಿಲ್ಲಿಸುವಂತಿಲ್ಲ" ಎಂದಿದ್ದರು. ನಿಮ್ಮವರ ಟೆನೊಫೊವಿರ್ ಲೆಕ್ಕವೂ ಹೀಗೆಯೇ. ಅದು ವೈರಸ್ಸನ್ನು ಅದುಮಿಡುತ್ತದೆ, ಅಪಾಯವನ್ನು ತಗ್ಗಿಸುತ್ತದೆ. ಆದರೆ ಗಾಯದ ಕಲೆಗಳು ತುಂಬಿದ ಲಿವರ್ ಬೂದಿ ಮುಚ್ಚಿದ ಕೆಂಡ.

ಮೂರು ವರ್ಷ ಕ್ರಮವಾಗಿ ಹೋದೆ. ಸಂಕ್ರಾಂತಿ ಕಳೆದ ವಾರ ಒಂದು, ಆಷಾಢದಲ್ಲಿ ಒಂದು. ಎರಡೂ ನೆನಪಿಡಲು ಸುಲಭ. 2020ರ ಆಷಾಢದಲ್ಲಿ ಕೊರೋನಾ. ಆಸ್ಪತ್ರೆಯ ಬಾಗಿಲಿಗೆ ಹೋಗಲು ಹೆದರಿಕೆಯಾಗಿ ಬಿಟ್ಟೆ. 2021ರ ಸಂಕ್ರಾಂತಿಗೆ ಕೊರೋನಾ ನೆಪವೂ ಇರಲಿಲ್ಲ. ನಿವೃತ್ತಿಯ ಕಾಗದಪತ್ರಗಳ ಓಡಾಟ ಎಂದುಕೊಂಡೆ, ಮೈ ಹುಷಾರಾಗಿದೆ ಎಂದುಕೊಂಡೆ. ಆರು ತಿಂಗಳ ಕೆಲಸ ಹದಿನೆಂಟು ತಿಂಗಳಾಯಿತು.

2021ರ ಜುಲೈನಲ್ಲಿ ಹೆಂಡತಿಯ ಒತ್ತಾಯಕ್ಕೆ ಮನೆಯ ಹತ್ತಿರದ ಹೊಸ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋದೆ. ಹಳೆಯ ಫಿಲ್ಮುಗಳನ್ನು ಅವರು ಕೇಳಲಿಲ್ಲ, ನಾನೂ ಒಯ್ದಿರಲಿಲ್ಲ. ಐದು ನಿಮಿಷದಲ್ಲಿ ಮುಗಿಯಿತು. "ಲಿವರ್ ಒರಟಾಗಿದೆ, ಗೆಡ್ಡೆ ಕಾಣುವುದಿಲ್ಲ" ಎಂದು ವರದಿ. ಎಎಫ್‌ಪಿ 6. ನನಗೆ ನಿರಾಳವಾಯಿತು. ನನ್ನ ವೈದ್ಯರು ಮಾತ್ರ ವರದಿಯ ಕೊನೆಯ ಸಾಲಿಗೆ ಬೆರಳಿಟ್ಟರು. ಬಲಭಾಗದ ಮೇಲಿನ ತುದಿ ಸರಿಯಾಗಿ ಕಾಣಲಿಲ್ಲ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. "ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ" ಎಂದು ಸಿಟಿ ಸ್ಕ್ಯಾನಿಗೆ ಕಳಿಸಿದರು. ಅದರಲ್ಲಿ, ಡಯಾಫ್ರಮ್ಮಿನ ಅಡಿಯಲ್ಲೇ, ಪಕ್ಕೆಲುಬು ಮತ್ತು ಶ್ವಾಸಕೋಶಗಳ ಮರೆಯಲ್ಲಿ 2.4 ಸೆಂಟಿಮೀಟರಿನ ಗೆಡ್ಡೆ. ಎಎಫ್‌ಪಿ ಸಹಜವಾಗಿದ್ದರೂ ಕ್ಯಾನ್ಸರ್ ಇರಬಹುದು ಎಂಬುದನ್ನು ನಾನು ಕಲಿತದ್ದು ಹೀಗೆ.

ಬಯಾಪ್ಸಿ ಮಾಡಲಿಲ್ಲ. ಏಕೆ ಎಂದು ಕೇಳಿದ್ದಕ್ಕೆ ವೈದ್ಯರು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ಲಿವರಿಗೆ ಎರಡು ದಾರಿಯಿಂದ ರಕ್ತ ಬರುತ್ತದೆ. ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ರಕ್ತನಾಳದಿಂದ, ಉಳಿದದ್ದು ಅಪಧಮನಿಯಿಂದ. ಈ ಕ್ಯಾನ್ಸರ್ ಮಾತ್ರ ಹೆಚ್ಚು ಕಡಿಮೆ ಪೂರ್ತಿಯಾಗಿ ಅಪಧಮನಿಯಿಂದಲೇ ಹೀರುತ್ತದೆ. ಹಾಗಾಗಿ ಬಣ್ಣದ ದ್ರವ ಚುಚ್ಚಿ ಹಂತ ಹಂತವಾಗಿ ಸಿಟಿ ತೆಗೆದರೆ ಗೆಡ್ಡೆ ಮೊದಲು ಬೆಳ್ಳಗೆ ಹೊಳೆಯುತ್ತದೆ, ಸುತ್ತಲಿನ ಲಿವರ್ ಬೆಳಗುವ ಹೊತ್ತಿಗೆ ತಾನು ಕಪ್ಪಾಗುತ್ತದೆ. ಸಿರೋಸಿಸ್ ಇರುವವರಲ್ಲಿ ಈ ಲಕ್ಷಣ ಸ್ಪಷ್ಟವಾಗಿ ಕಂಡರೆ ಸೂಜಿ ಹಾಕಿ ಚೂರು ತೆಗೆಯದೆಯೇ ರೋಗ ನಿರ್ಧರಿಸುತ್ತಾರೆ. ಆ ಹಾಳೆಯನ್ನು ಇಂದಿಗೂ ಫೈಲಿನಲ್ಲಿ ಇಟ್ಟುಕೊಂಡಿದ್ದೇನೆ.

ಮೂರು ಸೆಂಟಿಮೀಟರಿಗಿಂತ ಚಿಕ್ಕದಿದ್ದುದರಿಂದ ಹೊಟ್ಟೆ ಕೊಯ್ಯದೆ, ಚರ್ಮದ ಮೂಲಕ ಸೂಜಿ ಇಳಿಸಿ ಮೈಕ್ರೋವೇವ್ ಶಾಖದಿಂದ ಗೆಡ್ಡೆಯನ್ನು ಸುಟ್ಟರು. ಮಂಗಳವಾರ ಸುಟ್ಟರು, ಗುರುವಾರ ಮನೆಯಲ್ಲಿದ್ದೆ. ಪಕ್ಕೆಯಲ್ಲಿ ಅವರೆಕಾಳಿನಷ್ಟು ಗುರುತು ಉಳಿಯಿತು.

ಅಲ್ಲಿಗೆ ಮುಗಿಯಿತು ಎಂದು ನಾನೂ ಅಂದುಕೊಂಡಿದ್ದೆ. ಗೆಡ್ಡೆ ಹೋದರೂ ಅದನ್ನು ಬೆಳೆಸಿದ ನೆಲ ಹಾಗೆಯೇ ಇರುತ್ತದಲ್ಲ. ಐದು ವರ್ಷದೊಳಗೆ ಹತ್ತರಲ್ಲಿ ಏಳು ಮಂದಿಯವರೆಗೂ ಮರುಕಳಿಸಬಹುದು ಎಂದು ಮೊದಲೇ ಹೇಳಿದ್ದರು. ಈಗ ಸ್ಕ್ಯಾನ್ ಮೂರು ತಿಂಗಳಿಗೊಮ್ಮೆ, ನಾನು ಒಂದನ್ನೂ ತಪ್ಪಿಸಲಿಲ್ಲ. 2023ರ ಫೆಬ್ರವರಿಯಲ್ಲಿ ಪಿತ್ತಕೋಶಕ್ಕೆ ಅಂಟಿದಂತೆ 1.6 ಸೆಂಟಿಮೀಟರಿನ ಇನ್ನೊಂದು ಸಿಕ್ಕಿತು. ಅಲ್ಲಿ ಸುಟ್ಟರೆ ಪಿತ್ತಕೋಶಕ್ಕೆ ಗಾಯವಾದೀತು ಎಂದು ತೊಡೆಸಂದಿನ ಅಪಧಮನಿಯಿಂದ ಕೂದಲೆಳೆಯಂಥ ನಳಿಕೆ ತೂರಿಸಿ, ಗೆಡ್ಡೆಗೆ ಹೋಗುವ ರಕ್ತನಾಳಕ್ಕೇ ಔಷಧ ಸುರಿದು ಅದನ್ನು ಮುಚ್ಚಿದರು. ಟೇಸ್ ಎನ್ನುತ್ತಾರೆ. ಮೂರು ದಿನ ಜ್ವರ, ವಾಕರಿಕೆ. ಆಮೇಲೆ ಸರಿಯಾಯಿತು.

ಆಗ ಲಿವರ್ ಕಸಿಯ ಮಾತೂ ಬಂತು. ಒಂದೇ ಗೆಡ್ಡೆಯಾದರೆ 5 ಸೆಂಟಿಮೀಟರಿನೊಳಗೆ, ಇಲ್ಲವೇ ಮೂರರವರೆಗೆ, ಪ್ರತಿಯೊಂದೂ 3 ಸೆಂಟಿಮೀಟರಿನೊಳಗೆ ಇದ್ದು, ರಕ್ತನಾಳಕ್ಕೆ ನುಗ್ಗಿರದಿದ್ದರೆ ಕಸಿಗೆ ಅರ್ಹರು ಎಂಬುದು 1996ರಲ್ಲಿ ಇಟಲಿಯ ಮಿಲಾನ್ ನಗರದ ವೈದ್ಯರು ಹಾಕಿಕೊಟ್ಟ ಗೆರೆ. ಕಸಿಯಿಂದ ಗೆಡ್ಡೆಯೂ ಹೋಗುತ್ತದೆ, ಸಿರೋಸಿಸ್ಸೂ ಹೋಗುತ್ತದೆ. ಮಗಳು ತನ್ನ ಲಿವರಿನ ಭಾಗ ಕೊಡುತ್ತೇನೆ ಎಂದು ನನಗೆ ಹೇಳದೆಯೇ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದಳು. ಅವಳಿಗೆ ಎರಡು ವರ್ಷದ ಮಗುವಿದೆ. ಸದ್ಯಕ್ಕೆ ಬೇಡ ಎಂದು ಜೀವಸಾರ್ಥಕತೆಯಲ್ಲಿ, ಅಂದರೆ ನಮ್ಮ ರಾಜ್ಯದ ಅಂಗಾಂಗ ದಾನದ ವ್ಯವಸ್ಥೆಯಲ್ಲಿ, ಆಸ್ಪತ್ರೆಯ ಮೂಲಕ ಹೆಸರು ನೋಂದಾಯಿಸಿದೆ. ಅಂದಿನಿಂದ ಇಂದಿನವರೆಗೆ ಹೊಸದು ಕಂಡಿಲ್ಲ.

ನಿಮ್ಮವರಿಗೆ ಹೇಳಿ. ನಮ್ಮ ಡಿಪೋದಲ್ಲಿ ಬಸ್ಸು ದಾರಿಯಲ್ಲಿ ನಿಂತ ಮೇಲಷ್ಟೇ ಬಿಚ್ಚಿ ನೋಡುತ್ತಿರಲಿಲ್ಲ. ಇಷ್ಟು ಕಿಲೋಮೀಟರ್ ಓಡಿತೆಂದರೆ, ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ತಪಾಸಣೆಯ ಗುಂಡಿಯ ಮೇಲೆ ನಿಲ್ಲಿಸುತ್ತಿದ್ದರು. ಘಾಟಿ ಇಳಿಯುವ ಬಸ್ಸಿಗೆ ಬೇರೆ ದಾರಿಯಿಲ್ಲ.


ಉತ್ತರ 2: ರೇಡಿಯಾಲಜಿಸ್ಟ್, ಜಿಲ್ಲಾ ಆಸ್ಪತ್ರೆ

ಹಿರಿಯರು ಬರೆದದ್ದರಲ್ಲಿ ನಾನು ತಿದ್ದುವುದೇನೂ ಇಲ್ಲ. ಆ ನಕ್ಷತ್ರದ ಬಗ್ಗೆ ಮಾತ್ರ ಹೇಳುತ್ತೇನೆ, ಜೊತೆಗೆ ನನ್ನ ಕೆಲಸದ ಬಗ್ಗೆ ಒಂದೆರಡು ಮಾತು.

ಅಮ್ಮಾ, 13 ಎಂಬ ಅಂಕಿ ಒಂದರಿಂದಲೇ ಕ್ಯಾನ್ಸರ್ ಎಂದು ತಿಳಿಯಬೇಡಿ. ಸಾಮಾನ್ಯವಾಗಿ 20 ದಾಟಿದರೆ ಅಥವಾ ಸಲದಿಂದ ಸಲಕ್ಕೆ ಏರುತ್ತ ಹೋದರೆ ನಾವು ಸಿಟಿ ಅಥವಾ ಎಂಆರ್‌ಐ ಮಾಡಿಸುತ್ತೇವೆ. ಹೆಪಟೈಟಿಸ್ ಬಿ ಮತ್ತೆ ಕೆರಳಿದರೂ ಎಎಫ್‌ಪಿ ಏರುತ್ತದೆ. ಆದರೆ 6 ಇದ್ದದ್ದು ಇಮ್ಮಡಿಗಿಂತ ಹೆಚ್ಚಾಗಿದೆ, ಮುಂದಿನ ಸ್ಕ್ಯಾನ್ ಒಂಬತ್ತು ವಾರ ತಡವಾಗಿದೆ. ಈ ಎರಡನ್ನೂ ಸೇರಿಸಿ ನೋಡಿದಾಗ ಕೊಯ್ಲು ಮುಗಿಯಲಿ ಎಂದು ಕಾಯುವ ಹಾಗಿಲ್ಲ. ಇದೇ ವಾರ ಎಎಫ್‌ಪಿ ಮತ್ತೆ ಮಾಡಿಸಿ, ಜೊತೆಗೆ ಲಿವರಿಗೆ ಆಗುತ್ತಿರುವ ಹಾನಿ ತೋರಿಸುವ ಎಎಲ್‌ಟಿ ಮತ್ತು ವೈರಸ್ ಪ್ರಮಾಣದ ಪರೀಕ್ಷೆ. ಅಲ್ಟ್ರಾಸೌಂಡ್ ಮಾಡಿಸಿ ಎಲ್ಲವನ್ನೂ ವೈದ್ಯರಿಗೆ ಒಟ್ಟಿಗೆ ತೋರಿಸಿ. ಮುಂದಿನ ನಿರ್ಧಾರ ಅವರದ್ದು.

ಆರೇ ತಿಂಗಳು ಏಕೆ ಎಂದು ಬಹಳ ಜನ ಕೇಳುತ್ತಾರೆ. ಈ ಗೆಡ್ಡೆಗಳ ಘನಗಾತ್ರ ಇಮ್ಮಡಿಯಾಗಲು ಸರಾಸರಿ ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ. ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ಮೂರು ತಿಂಗಳಿಗೊಮ್ಮೆ ಮಾಡಿ ನೋಡಿದರು, ಬದುಕುಳಿಯುವ ಪ್ರಮಾಣವೇನೂ ಹೆಚ್ಚಲಿಲ್ಲ. ವರ್ಷಕ್ಕೊಮ್ಮೆ ಎಂದರೆ ಚಿಕ್ಕದಿರುವಾಗ ಹಿಡಿಯುವ ಅವಕಾಶ ಕೈತಪ್ಪುತ್ತದೆ. ಚೀನಾದ ಶಾಂಘೈಯಲ್ಲಿ ಹೆಪಟೈಟಿಸ್ ಬಿ ಇದ್ದ ಅಥವಾ ಹಿಂದೆ ಹೆಪಟೈಟಿಸ್ ಆಗಿದ್ದ ಸುಮಾರು 19 ಸಾವಿರ ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮತ್ತು ಎಎಫ್‌ಪಿ ಮಾಡಿದರು. 2004ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಗುಂಪಿನಲ್ಲಿ ಲಿವರ್ ಕ್ಯಾನ್ಸರಿನ ಸಾವು ಶೇ. 37ರಷ್ಟು ಕಡಿಮೆಯಾಗಿತ್ತು. ಕರೆದಾಗಲೆಲ್ಲ ಎಲ್ಲರೂ ಬಂದಿರಲೂ ಇಲ್ಲ. ಬಂದದ್ದು ಶೇ. 60ಕ್ಕಿಂತ ಕಡಿಮೆ. ಪೂರ್ತಿ ಬಂದಿದ್ದರೆ ಇನ್ನೆಷ್ಟು ಜೀವ ಉಳಿಯುತ್ತಿತ್ತೋ ಎಂದು ನಾನು ಯೋಚಿಸುವುದುಂಟು.

ಅಲ್ಟ್ರಾಸೌಂಡಿನ ಮಿತಿಯನ್ನೂ ಮುಚ್ಚಿಡುವುದಿಲ್ಲ. ಆರಂಭದ ಹಂತದ ಗೆಡ್ಡೆಯನ್ನು ಹಿಡಿಯುವಲ್ಲಿ ಅಲ್ಟ್ರಾಸೌಂಡ್ ಒಂದೇ ಆದರೆ ಶೇ. 45ರಷ್ಟು, ಎಎಫ್‌ಪಿ ಸೇರಿದರೆ ಶೇ. 63ರಷ್ಟು ಯಶಸ್ವಿ. ಹಾಗಾಗಿಯೇ ಒಂದು ಸಲದ "ಏನೂ ಇಲ್ಲ" ಸಾಲದು, ಮತ್ತೆ ಮತ್ತೆ ನೋಡಬೇಕು. ದೇಹ ದಪ್ಪವಿದ್ದರೆ, ಲಿವರಿನಲ್ಲಿ ಕೊಬ್ಬು ಹೆಚ್ಚಿದ್ದರೆ ಬಿಂಬ ಮಸುಕಾಗುತ್ತದೆ. ಎಷ್ಟು ಚೆನ್ನಾಗಿ ಕಂಡಿತು ಎಂಬುದನ್ನು ವರದಿಯಲ್ಲಿ ಬರೆಯುವುದು ನಮ್ಮ ಕರ್ತವ್ಯ. ಬರೆಯದಿದ್ದರೆ ನೀವು ಕೇಳಿ, ಅದರಲ್ಲಿ ಸಂಕೋಚ ಬೇಡ. ಸರಿಯಾಗಿ ಕಾಣದವರಿಗೆ ಸಿಟಿ ಅಥವಾ ಎಂಆರ್‌ಐ ಬೇಕಾಗುತ್ತದೆ. ಒಂದು ಸೆಂಟಿಮೀಟರಿಗಿಂತ ಚಿಕ್ಕ ಚುಕ್ಕೆ ಕಂಡರೆ ಮೂರು ತಿಂಗಳಲ್ಲಿ ಮತ್ತೆ ಅಲ್ಟ್ರಾಸೌಂಡ್, ಒಂದು ಸೆಂಟಿಮೀಟರ್ ಅಥವಾ ಅದಕ್ಕೂ ದೊಡ್ಡದಿದ್ದರೆ ಹಂತ ಹಂತದ ಸಿಟಿ. ಹಳೆಯ ವರದಿ, ಫಿಲ್ಮುಗಳನ್ನು ದಯವಿಟ್ಟು ಜೊತೆಗೆ ತನ್ನಿ. ಹಿಂದೆ ಇಲ್ಲದ್ದು ಈಗ ಬಂದಿದೆಯೇ ಎಂದು ತಿಳಿಯಲು ನಮಗೆ ಇರುವ ಆಧಾರ ಅದೊಂದೇ.

ಮರೆಯುವ ಮುನ್ನ ಇನ್ನೊಂದು. ನೀವು, ನಿಮ್ಮ ಮಕ್ಕಳು, ಯಜಮಾನರ ಅಣ್ಣತಮ್ಮಂದಿರು, ಅಕ್ಕತಂಗಿಯರು ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿದ್ದೀರಾ? ಸೋಂಕು ಇಲ್ಲದವರು ಮೂರು ಚುಚ್ಚುಮದ್ದು ಹಾಕಿಸಿಕೊಂಡರೆ ರಕ್ಷಣೆ ಸಿಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಟೆನೊಫೊವಿರ್ ಅನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದರೆ ಅದನ್ನೂ ಅಲ್ಲಿ ವಿಚಾರಿಸಿ.


ಉತ್ತರ 3: ಬಳ್ಳಾರಿ, ಔಷಧ ಅಂಗಡಿ

ನಾನು ಬರೆಯುವುದು ತಡವಾಗಿ ಗೊತ್ತಾದವರ ಕಥೆ. ಅಕ್ಕಾ, ಹೆದರಿಸಲು ಬರೆಯುತ್ತಿಲ್ಲ.

ನಮ್ಮ ತಂದೆಯವರಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಲಿವರಿನಲ್ಲಿ ಕೊಬ್ಬಿದೆ ಎಂದು ಯಾವುದೋ ಹಳೆಯ ವರದಿಯಲ್ಲಿತ್ತು. ಈಗ ಯಾರ ವರದಿಯಲ್ಲಿ ಅದಿಲ್ಲ ಎಂದು ನಾವು, ಅದರಲ್ಲೂ ಔಷಧ ಅಂಗಡಿಯಲ್ಲಿ ಕೂರುವ ನಾನು, ಗಮನ ಕೊಡಲಿಲ್ಲ. ಎಎಸ್‌ಟಿ, ಎಎಲ್‌ಟಿ, ಪ್ಲೇಟ್‌ಲೆಟ್, ವಯಸ್ಸು, ಈ ನಾಲ್ಕು ಅಂಕಿಗಳಿಂದ ಫಿಬ್-4 ಎಂಬ ಲೆಕ್ಕ ಹಾಕಿದ್ದರೆ ಲಿವರ್ ಗಟ್ಟಿಯಾಗುತ್ತಿರುವ ಸುಳಿವು ವರ್ಷಗಳ ಹಿಂದೆಯೇ ಸಿಗುತ್ತಿತ್ತು. ಆ ನಾಲ್ಕೂ ಅಂಕಿಗಳು ಅವರ ಫೈಲಿನಲ್ಲೇ ಇದ್ದವು. 2022ರಲ್ಲಿ ಹೊಟ್ಟೆ ಉಬ್ಬಿ ಆಸ್ಪತ್ರೆಗೆ ಹೋದಾಗ ಗೆಡ್ಡೆ 9 ಸೆಂಟಿಮೀಟರ್, ಪೋರ್ಟಲ್ ರಕ್ತನಾಳದೊಳಗೂ ನುಗ್ಗಿತ್ತು. ಸುಡುವುದು, ಕೊಯ್ಯುವುದು, ಕಸಿ, ಮೂರೂ ಬಾಗಿಲು ಮುಚ್ಚಿದ್ದವು. ನೋಡಲು ಬಂದ ನೆಂಟರೆಲ್ಲ "ಕುಡಿಯುತ್ತಿದ್ದರೇ?" ಎಂದು ಕೇಳಿದರು. ಏಕಾದಶಿ ತಪ್ಪಿಸದ ಮನುಷ್ಯನ ಎದುರಿನಲ್ಲೇ ಕೇಳಿದರು. ಅದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ಆದರೂ ಆ ಹಂತದಲ್ಲಿ ಮಾಡುವಂಥದ್ದು ಏನೂ ಇರಲಿಲ್ಲ ಎನ್ನುವಂತಿಲ್ಲ. ಮುಂದುವರಿದ ಈ ಕ್ಯಾನ್ಸರಿಗೆ ಆಯುಷ್ಯ ಹೆಚ್ಚಿಸುತ್ತದೆ ಎಂದು ಸಾಬೀತಾದ ಮೊದಲ ಮಾತ್ರೆ ಸೊರಾಫೆನಿಬ್. 2008ರ ಅಧ್ಯಯನದಲ್ಲಿ ಮಧ್ಯಮ ಬದುಕುಳಿವು, ಅಂದರೆ ಅರ್ಧದಷ್ಟು ರೋಗಿಗಳು ಬದುಕಿದ್ದ ಅವಧಿ, 7.9 ತಿಂಗಳಿಂದ 10.7 ತಿಂಗಳಿಗೆ ಏರಿತ್ತು. ನಮ್ಮ ದೇಶದಲ್ಲಿ ಒಂದು ತಿಂಗಳ ಮಾತ್ರೆಗೆ ಸುಮಾರು 2,80,000 ರೂಪಾಯಿ ಬೆಲೆಯಿತ್ತು. 2012ರ ಮಾರ್ಚ್‌ನಲ್ಲಿ ಭಾರತದ ಮೊದಲ ಕಡ್ಡಾಯ ಪರವಾನಗಿಯಡಿ, ಅಂದರೆ ಪೇಟೆಂಟ್ ಇದ್ದ ಕಂಪನಿಯ ಒಪ್ಪಿಗೆಯಿಲ್ಲದೆಯೂ ಸರ್ಕಾರ ಕೊಡುವ ಪರವಾನಗಿಯಡಿ, ನ್ಯಾಟ್ಕೊ ಕಂಪನಿಗೆ ಅದನ್ನು ತಯಾರಿಸಲು ಅನುಮತಿ ಸಿಕ್ಕಿ, ತಿಂಗಳಿಗೆ 8,800 ರೂಪಾಯಿಗೆ ಮಾರುವುದಾಗಿ ಅದು ಒಪ್ಪಿಕೊಂಡಿತು. ಆ ಸುದ್ದಿ ಓದಿದ ದಿನ ಅದು ನಮ್ಮ ಮನೆಗೂ ಸಂಬಂಧಿಸಿದ್ದು ಎಂದು ನನಗೆ ತಿಳಿದಿರಲಿಲ್ಲ.

ತಂದೆಗೆ ಕೊಟ್ಟದ್ದು ಅದಕ್ಕಿಂತ ಹೊಸದು. ಅಟೆಜೊಲಿಜುಮ್ಯಾಬ್ ಮತ್ತು ಬೆವಾಸಿಜುಮ್ಯಾಬ್, ಮೂರು ವಾರಕ್ಕೊಮ್ಮೆ ರಕ್ತನಾಳಕ್ಕೆ. ಮೊದಲನೆಯದು ದೇಹದ ರೋಗನಿರೋಧಕ ಶಕ್ತಿಗೆ ಬಿದ್ದ ತಡೆಯನ್ನು ತೆಗೆಯುತ್ತದೆ, ಎರಡನೆಯದು ಗೆಡ್ಡೆ ಹೊಸ ರಕ್ತನಾಳ ಬೆಳೆಸಿಕೊಳ್ಳದಂತೆ ತಡೆಯುತ್ತದೆ. 2020ರಲ್ಲಿ ಬಂದ ಈ ಜೋಡಿಯಿಂದ ಮಧ್ಯಮ ಬದುಕುಳಿವು 19.2 ತಿಂಗಳು, ಅದೇ ಅಧ್ಯಯನದಲ್ಲಿ ಸೊರಾಫೆನಿಬ್ ಪಡೆದವರದ್ದು 13.4. ಬೆವಾಸಿಜುಮ್ಯಾಬಿನಿಂದ ರಕ್ತಸ್ರಾವದ ಅಪಾಯವಿರುವುದರಿಂದ ಮೊದಲು ಎಂಡೋಸ್ಕೋಪಿ ಮಾಡಿ ಅನ್ನನಾಳದಲ್ಲಿ ಉಬ್ಬಿದ್ದ ನಾಳಗಳಿಗೆ ಬ್ಯಾಂಡ್ ಹಾಕಿದರು. ದುಬಾರಿ ಚಿಕಿತ್ಸೆ, ಒಂದು ನಿವೇಶನ ಮಾರಿದೆವು. ಬೆವಾಸಿಜುಮ್ಯಾಬ್ ನಮ್ಮಲ್ಲೇ ತಯಾರಾಗುವುದು ಸಿಕ್ಕಿದ್ದರಿಂದ ಅದರ ಭಾರ ಸ್ವಲ್ಪ ಇಳಿಯಿತು. ಗೆಡ್ಡೆ ಅರ್ಧಕ್ಕೆ ಕುಗ್ಗಿತು. ಹದಿನಾರು ತಿಂಗಳು ಸಿಕ್ಕಿತು. ಅದರಲ್ಲಿ ಹನ್ನೆರಡು ತಿಂಗಳು ಅವರು ಬೆಳಿಗ್ಗೆ ಎದ್ದು ತಾವೇ ಹಾಲು ತರುತ್ತಿದ್ದರು. ಮೊಮ್ಮಗನಿಗೆ ಅಕ್ಷರಾಭ್ಯಾಸ ಮಾಡಿಸಿದರು.

ಹಾಸನದ ಹಿರಿಯರು ಸೂಜಿಯ ಗುರುತಿನ ಬಗ್ಗೆ ಬರೆದದ್ದನ್ನು ಓದಿದಾಗ ನನಗೆ ಅಳು ಬಂತು. ನಿಮ್ಮವರನ್ನು ಕರೆದುಕೊಂಡು ಹೋಗಿ ಅಕ್ಕಾ.


ಪ್ರಶ್ನೆ ಕೇಳಿದವರು: ತರೀಕೆರೆಯ ಗೃಹಿಣಿ

ನಿಮ್ಮೆಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ. ನಿನ್ನೆ ರಾತ್ರಿ ಊಟದ ನಂತರ ಹಾಸನದ ಅಣ್ಣನವರ ಬರಹವನ್ನು ಗಟ್ಟಿಯಾಗಿ ಓದಿದೆ. ನಮ್ಮವರು ಅಡಿಕೆ ಸುಲಿಯುತ್ತ ಕೂತಿದ್ದರು, ಕೈ ನಿಲ್ಲಿಸಲಿಲ್ಲ. ಸಣ್ಣ ಅಕ್ಷರದ ಸಾಲಿನ ಭಾಗಕ್ಕೆ ಬಂದಾಗ ಕತ್ತಿ ಕೆಳಗಿಟ್ಟು "ನಮ್ಮ ವರದಿಯಲ್ಲಿ ಹಾಗೇನಾದರೂ ಇದೆಯೇ, ತಾ" ಎಂದರು. ನಾಲ್ಕೂ ವರದಿಗಳನ್ನು ಇಬ್ಬರೂ ಕೂತು ಓದಿದೆವು. ಅಂಥ ಸಾಲು ಇರಲಿಲ್ಲ. ಚೆನ್ನಾಗಿ ಕಂಡಿತು ಎಂದೂ ಯಾವುದರಲ್ಲೂ ಬರೆದಿರಲಿಲ್ಲ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಶಿವಮೊಗ್ಗದಲ್ಲಿ ಸಮಯ ಸಿಕ್ಕಿದೆ. ಕೊಯ್ಲು ನೋಡಿಕೊಳ್ಳಲು ಮೈದುನ ಬರುತ್ತಾನೆ. ಅವನಿಗೂ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಬೇಕು ಎಂದು ಫೋನಿನಲ್ಲೇ ಹೇಳಿದ್ದೇನೆ. ಫಿಲ್ಮುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಚೀಲದಲ್ಲಿಟ್ಟಿದ್ದೇನೆ.

ಒಂದೇ ಒಂದು ಸಂದೇಹ. ನಮ್ಮವರಿಗೆ ಬೆಳಿಗ್ಗೆ ಐದಕ್ಕೆ ಕಾಫಿ ಬೇಕೇ ಬೇಕು. ಸ್ಕ್ಯಾನಿಗೆ ಮುಂಚೆ ಕೊಡಬಹುದೇ?


ರೇಡಿಯಾಲಜಿಸ್ಟ್, ಜಿಲ್ಲಾ ಆಸ್ಪತ್ರೆ

ಬೇಡಮ್ಮಾ. ಹಾಲು ಹಾಕಿದ ಕಾಫಿ ಕುಡಿದರೆ ಪಿತ್ತಕೋಶ ಕುಗ್ಗುತ್ತದೆ, ಹೊಟ್ಟೆಯಲ್ಲಿ ಗಾಳಿಯೂ ತುಂಬಿದರೆ ಬಿಂಬ ಕೆಡುತ್ತದೆ. ರಾತ್ರಿ ಊಟದ ನಂತರ ನೀರು ಬಿಟ್ಟು ಬೇರೇನೂ ಬೇಡ. ಫ್ಲಾಸ್ಕಿನಲ್ಲಿ ತೆಗೆದುಕೊಂಡು ಹೋಗಿ, ಸ್ಕ್ಯಾನ್ ಕೊಠಡಿಯಿಂದ ಹೊರಬಂದ ಕೂಡಲೇ ಕೊಡಿ. ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಎಂದು ಹಲವು ಅಧ್ಯಯನಗಳು ಕಂಡುಕೊಂಡಿವೆ, ಆದ್ದರಿಂದ ಅದನ್ನು ಬಿಡಿಸಬೇಡಿ. ಸಕ್ಕರೆ ಮಾತ್ರ ಕಡಿಮೆಯಿರಲಿ. ಸೋಮವಾರ ವರದಿ ಬಂದ ಮೇಲೆ ಇಲ್ಲಿ ಬರೆಯಿರಿ, ನೋಡುತ್ತಿರುತ್ತೇನೆ.